ಹುಳುಮನೆಯ ಹೊಸ್ತಿಲು

ಪರದೇಶಕ್ಕೆ ದುಡಿಯಲು ಹೋದವನಿಗೆ ಮೊದಲು ಬೇಕಾದದ್ದು ಭಾಷೆಯೋ ಊಟವೋ ಎಂಬ ಚರ್ಚೆ ಹಳೆಯದು. ನನಗೆ ತೋರುವ ಮಟ್ಟಿಗೆ ಎರಡೂ ಅಲ್ಲ. ಆ ನೆಲದವರ ಮನೆಯ ಹೊಸ್ತಿಲನ್ನು ಹೇಗೆ ದಾಟಬೇಕೆಂಬ ತಿಳಿವಳಿಕೆ. ಜಪಾನೀಯರ ನಡುವೆ ಕೆಲಸಕ್ಕೆ ನಿಂತ ಪರದೇಶಿಗಳೂ, ನಮ್ಮ ನಡುವೆ ಕೆಲಸಕ್ಕೆ ಬಂದ ಜಪಾನೀಯರೂ ಈ ಪಾಠವನ್ನು ಕಲಿತದ್ದು ರೇಷ್ಮೆ ಹುಳುವಿನಿಂದ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಆಸುಪಾಸಿನಲ್ಲಿ, ಹುಳು ಸಾಕುವ ಮನೆಯಲ್ಲಿ ಬೆಳೆದ ನನಗೆ ಈ ಕಥೆ ಅರ್ಧ ಮನೆಯದು, ಅರ್ಧ ಪುಸ್ತಕದ್ದು.

1872ರಲ್ಲಿ ಜಪಾನ್ ಸರಕಾರ ಗುನ್ಮಾ ಸೀಮೆಯ ತೊಮಿಯೋಕದಲ್ಲಿ ರೇಷ್ಮೆ ನೂಲು ತೆಗೆಯುವ ದೊಡ್ಡ ಕಾರ್ಖಾನೆಯೊಂದನ್ನು ತೆರೆಯಿತು. ಯಂತ್ರಗಳು ಫ್ರಾನ್ಸಿನವು. ಕೆಲಸ ಹೇಳಿಕೊಡಲು ಬಂದವರು ಪಾಲ್ ಬ್ರೂನಾ ಎಂಬ ಫ್ರೆಂಚ್ ಗೃಹಸ್ಥ ಮತ್ತು ಅವನ ಜೊತೆಯ ಕೆಲವರು ಗಂಡಸರು, ಹೆಂಗಸರು. ಕಟ್ಟಡವೇನೋ ಎದ್ದಿತು, ಕೆಲಸಕ್ಕೆ ಮಾತ್ರ ಹುಡುಗಿಯರು ಬರಲೊಲ್ಲರು. ಪರದೇಶಿಗಳು ಕುಡಿಯುತ್ತಿದ್ದ ಕೆಂಪು ದ್ರಾಕ್ಷಾರಸವನ್ನು ಕಂಡು, ಇವರು ರಕ್ತ ಹೀರುವ ಜನ ಎಂಬ ಸುದ್ದಿ ಹಬ್ಬಿತ್ತು. ಕೊನೆಗೆ ಕಾರ್ಖಾನೆಯ ಮುಖ್ಯಾಧಿಕಾರಿ ಒದಾಕಾ ಅತ್ಸುತಾದಾ ತನ್ನ ಮಗಳು ಯೂಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಿದ ಮೇಲೆ ಭಯ ಕರಗಿತು. 1875ರ ಕೊನೆಗೆ ಬ್ರೂನಾನ ಕರಾರು ಮುಗಿಯಿತು. ಅಲ್ಲಿ ಕಲಿತ ಹುಡುಗಿಯರು ತಮ್ಮ ತಮ್ಮ ಊರುಗಳಿಗೆ ಮರಳಿ ತಾವೇ ಗುರುಗಳಾದರು. 1909ರ ಹೊತ್ತಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ ಚೀನಾವನ್ನೇ ಹಿಂದೆ ಹಾಕಿತು.

ಹೀಗೆ ಕಲಿತವರು ಕಲಿಸಲು ಹೊರಟದ್ದು ಸಹಜವೇ. 1893ರಲ್ಲಿ ಜಪಾನನ್ನು ಕಂಡು ಬಂದ ಜಮ್ಷೆಡ್‌ಜಿ ಟಾಟಾ, ಆ ಶತಮಾನ ಮುಗಿಯುವ ಕಾಲಕ್ಕೆ ಬೆಂಗಳೂರಿಗೆ ಜಪಾನೀ ತಜ್ಞರನ್ನು ಕರೆಸಿ ರೇಷ್ಮೆ ತೋಟ ಹಾಕಿಸಿದರು. 1910ರಲ್ಲಿ ಅದು ಸಾಲ್ವೇಷನ್ ಆರ್ಮಿಯ ಕೈಸೇರಿತು. ಈಗ ಅಲ್ಲಿ ಹುಳುವೂ ಇಲ್ಲ, ಸೊಪ್ಪೂ ಇಲ್ಲ. ಬಸವನಗುಡಿಯ ಮಗ್ಗುಲಲ್ಲಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಬಡಾವಣೆಯ ಹೆಸರು ಮಾತ್ರ ಉಳಿದಿದೆ.

ತೊಮಿಯೋಕದಲ್ಲಿ ಮೂರು ವರ್ಷಕ್ಕೆ ಕೈಹತ್ತಿದ್ದು ನಮ್ಮಲ್ಲಿ ಏಕೆ ಕೈಹತ್ತಲಿಲ್ಲ? ನಮ್ಮವರ ಸೋಮಾರಿತನ ಎಂದು ಹೇಳಿಬಿಡುವುದು ಸುಲಭ, ಆದರೆ ಅನ್ಯಾಯ. ಯಂತ್ರವನ್ನು ಹಡಗಿನಲ್ಲಿ ತರಬಹುದು, ಹವೆಯನ್ನು ತರಲಾಗದು. ಜಪಾನಿನ ಹುಳು ತಂಪು ಸೀಮೆಯದು. ಅದರ ಮೊಟ್ಟೆ ಚಳಿಗಾಲವೆಲ್ಲ ನಿದ್ರಿಸಿ ವಸಂತಕ್ಕೆ ಏಳುವಂಥದು. ಬೇಕೆಂದಾಗ ಎಬ್ಬಿಸಲು ಆಮ್ಲದಲ್ಲಿ ಅದ್ದಿ ತೆಗೆಯಬೇಕು. ನಮ್ಮ ಮೈಸೂರು ತಳಿಗೆ ಆ ನಿದ್ರೆಯೇ ಇಲ್ಲ. ವರ್ಷಕ್ಕೆ ಐದಾರು ಬೆಳೆ ಕೊಡುತ್ತದೆ, ಬಿಸಿಲನ್ನು ತಡೆಯುತ್ತದೆ, ಆದರೆ ನೂಲು ಕಡಿಮೆ.

ಈ ತೊಡಕಿನ ಗಂಟನ್ನು ಬಿಚ್ಚಿದವನೂ ಪರದೇಶದಲ್ಲಿ ದುಡಿದ ಒಬ್ಬ ಜಪಾನೀಯನೇ. ತೊಯಾಮಾ ಕಾಮೆತಾರೋ ಎಂಬ ಪಂಡಿತ 1902ರಿಂದ 1905ರವರೆಗೆ ಸಯಾಮಿನ ಸರಕಾರದ ಕೆಲಸದಲ್ಲಿದ್ದ. ಅಲ್ಲಿ ಅವನು ಸಯಾಮಿನ ಹುಳುವಿಗೂ ಜಪಾನಿನ ಹುಳುವಿಗೂ ಸಂಬಂಧ ಬೆಳೆಸಿ ನೋಡಿದ. ಮೊದಲ ತಲೆಮಾರಿನ ಮಕ್ಕಳು ತಂದೆತಾಯಿಯರಿಬ್ಬರಿಗಿಂತ ಗಟ್ಟಿಯಾಗಿದ್ದವು. ಮುಂದೆ ನಮ್ಮಲ್ಲೂ ಮೈಸೂರು ತಾಯಿಗೆ ಸಿ. ನಿಚಿ ಎಂಬ ಜಪಾನೀ ಮೂಲದ ತಂದೆಯನ್ನು ಕೂಡಿಸಿದ ಮಿಶ್ರತಳಿ ಮನೆಮನೆಗೆ ಬಂತು. ಪರದೇಶಿ ನೆಲೆ ನಿಂತದ್ದು ಅಳಿಯನಾಗಿ ಎನ್ನಬಹುದು.

ಆದರೂ ಒಂದು ಕೊರತೆ ಉಳಿಯಿತು. ಮಿಶ್ರತಳಿಯ ನೂಲು ಹೊಕ್ಕಿಗೆ ಸರಿ, ಯಂತ್ರಮಗ್ಗದ ಹಾಸಿಗೆ ತಾಳದು. ಹೀಗಾಗಿ ಸುತ್ತಲೂ ಹಿಪ್ಪುನೇರಳೆ ಬೆಳೆಯುವ ಸೀಮೆಯಿದ್ದರೂ ಮಗ್ಗದವರು ಹಾಸಿಗೆ ಚೀನಾದ ನೂಲನ್ನು ಕೊಳ್ಳಬೇಕಾಯಿತು. ಇದನ್ನು ಸರಿಪಡಿಸಲೆಂದು 1991ರಲ್ಲಿ ಜಪಾನ್ ಸರಕಾರದ ನೆರವಿನ ಯೋಜನೆಯೊಂದು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಆರಂಭವಾಗಿ, ಮೂರು ಹಂತಗಳಲ್ಲಿ 2007ರವರೆಗೆ ನಡೆಯಿತು. ನಮ್ಮ ವಿಜ್ಞಾನಿಗಳೂ ಜಪಾನೀ ತಜ್ಞರೂ ಕೂಡಿ ದುಡಿದರು. ಬಿಳಿಯ ಗೂಡಿನ ದ್ವಿತಳಿಗಳು ರೈತರ ಕೈಗೆ ಬಂದವು.

ತಳಿಯ ಜೊತೆಗೆ ಕಟ್ಟಳೆಯೂ ಬಂತು. ಹುಳುವಿಗೆ ಬೇರೆ ಮನೆ. ಬಾಗಿಲಲ್ಲಿ ಔಷಧದ ನೀರು. ಒಳಗೆ ಬೇರೆ ಚಪ್ಪಲಿ. ಬೆಳೆ ಮುಗಿದೊಡನೆ ಗೋಡೆ, ತಟ್ಟೆ, ಚಂದ್ರಿಕೆ ಎಲ್ಲವನ್ನೂ ತೊಳೆಯುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಜಪಾನಿನಲ್ಲಿ ಚಳಿಗಾಲ ಬಂದರೆ ಎಲೆ ಉದುರಿ ಹುಳುವಿನ ಕೆಲಸ ನಿಲ್ಲುತ್ತದೆ, ರೋಗದ ಸರಪಳಿಯೂ ಕಡಿಯುತ್ತದೆ. ನಮ್ಮಲ್ಲಿ ಆ ಬಿಡುವಿಲ್ಲ. ಆದ್ದರಿಂದ ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿಗಳೇ ಮಾಡಬೇಕು. ಬಂದವರು ತಮ್ಮೂರಿನ ಪದ್ಧತಿಯನ್ನು ಹಾಗೆಯೇ ಇಲ್ಲಿ ಇಳಿಸುವಂತಿರಲಿಲ್ಲ. ನಮ್ಮ ಕಾಲಮಾನಕ್ಕೆ ಬಗ್ಗಿಸಬೇಕಾಯಿತು.

ಹೊಸ ಕಟ್ಟಳೆ ನಮ್ಮಜ್ಜಿಗೆ ಅಷ್ಟೇನೂ ಹೊಸದಾಗಿ ಕಾಣುತ್ತಿರಲಿಲ್ಲ. ಹುಳು ಜ್ವರಕ್ಕೆ ಕೂತಾಗ ಒಗ್ಗರಣೆ ಕೂಡದು; ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಕೂಡದು; ಹೊರಗಿನವರಿಗೆ ಪ್ರವೇಶವಿಲ್ಲ. “ಹುಳ ಅಂದ್ರೆ ಬಾಣಂತಿ ಮಗು ಇದ್ದಂಗೆ ಕಣೋ, ಕಾಲು ತೊಳ್ಕಂಡು ಬಾ” ಎನ್ನುತ್ತಿದ್ದಳು. ಹೊಗೆಸೊಪ್ಪು ಹುಳುವಿಗೆ ವಿಷವೆಂದು ಶಾಸ್ತ್ರವೂ ಒಪ್ಪುತ್ತದೆ. ಜಪಾನಿನ ಹಳ್ಳಿಗರು ಹುಳುವನ್ನು ‘ಒಕೈಕೋ ಸಾಮಾ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದರಂತೆ. ‘ರೇಷ್ಮೆ ಹುಳುವಿನವರು’ ಎಂದ ಹಾಗೆ! ಆ ಮಾತು ಅಜ್ಜಿಯ ಕಿವಿಗೆ ಬಿದ್ದಿದ್ದರೆ ಜಪಾನೀಯರನ್ನು ಪರದೇಶಿಗಳೆಂದು ಅವಳು ಒಪ್ಪುತ್ತಿರಲಿಲ್ಲ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಕಡೆ ನೆಲಕ್ಕೆ ಬಂದ ಬೆಲೆ ಸೊಪ್ಪಿಗೆ ಬಂದಿಲ್ಲ. ಎಷ್ಟೋ ಮನೆಯ ಮಕ್ಕಳು ಈಗ ಬೇರೆ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಚಾಕಿ ಕಟ್ಟಲು ಬಾರದು, ಹುಳು ಹಣ್ಣಾದದ್ದು ತಿಳಿಯದು. ಬಿತ್ತನೆಯನ್ನು ಎಲ್ಲಿಂದಲಾದರೂ ತರಿಸಬಹುದು, ತಜ್ಞರನ್ನೂ ಕರೆಸಬಹುದು. ಆದರೆ ತೊಮಿಯೋಕದಲ್ಲಿ ವಿದ್ಯೆ ನಿಂತದ್ದು ಊರಿಗೆ ಮರಳಿ ಕಲಿಸಿದ ಹುಡುಗಿಯರಿಂದ. ನಮ್ಮ ಹುಳುಮನೆಗಳಲ್ಲಿ ಅಂಥ ಹುಡುಗಿಯರು ಇನ್ನೂ ಕೆಲವರಿದ್ದಾರೆ. ಅವರ ದುಡಿಮೆಗೆ ತಕ್ಕ ಬೆಲೆ ಸಿಕ್ಕರೆ ವಿದ್ಯೆ ಇಲ್ಲೇ ಉಳಿದೀತು.