ಸೇವಂತಿಗೆಗೊಂದು ಸೂರು

ಹೋದ ವರ್ಷ ಅಕ್ಟೋಬರಿನಲ್ಲಿ ನನ್ನ ಬಾಲ್ಕನಿಯ ಐದು ಸೇವಂತಿಗೆ ಕುಂಡಗಳಲ್ಲಿ ನಾಲ್ಕನ್ನು ಕೊಂದದ್ದು ಮಳೆಯಲ್ಲ, ನಾನು. ಪುಣೆಯಲ್ಲಿರುವವರಿಗೆ ಗೊತ್ತು, ಗಣಪತಿಯ ಜೊತೆ ಮಳೆಯನ್ನೂ ಕಳಿಸಿಕೊಟ್ಟೆವು ಅಂದುಕೊಂಡಿರುತ್ತೇವೆ, ದೀಪಾವಳಿ ಹತ್ತಿರ ಬಂದಾಗ ಸಂಜೆ ಗುಡುಗು ಕೇಳಿಸುತ್ತದೆ. ಇಲ್ಲಿಯವರು ‘ಪರತೀಚಾ ಪಾವೂಸ್’ ಅನ್ನುತ್ತಾರೆ, ಮರಳಿ ಹೋಗುವ ಮಳೆ. ಮೊಗ್ಗು ಬಣ್ಣ ತೋರಿಸುವ ಹೊತ್ತೂ ಅದೇ. ಕುಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ದಾರ ಬಿಗಿದು, ನಾನು ಊರಿಗೆ ಹೋದೆ. ಆರನೆಯ ದಿನ ಬಂದು ಬಿಚ್ಚಿದರೆ ಮೊಗ್ಗುಗಳ ಮೇಲೆಲ್ಲ ಬೂದು ಬಣ್ಣದ ಬೂಷ್ಟು. ದಾರಕ್ಕೆ ನಿಲುಕದೆ ಮೂಲೆಯಲ್ಲಿ ನೆನೆದುಕೊಂಡೇ ನಿಂತಿದ್ದ ಐದನೆಯದು ಮಾತ್ರ ಬದುಕಿತ್ತು.

ಅವು ಅವ್ವ ಹಾವೇರಿಯ ಹಿತ್ತಲಿನಿಂದ ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ ಕಳಿಸಿದ್ದ ಸಸಿಗಳ ಸಂತತಿ. ಈಗ ಅವ್ವನೂ ಇಲ್ಲ, ಹಿತ್ತಲೂ ಇಲ್ಲ. ಉಳಿದ ಒಂದನ್ನಾದರೂ ಕಳೆದುಕೊಳ್ಳಬಾರದೆಂದು, ಈ ಹೂವನ್ನು ಹಿಂದಿನವರು ಮಳೆಯಿಂದ ಹೇಗೆ ಕಾಯುತ್ತಿದ್ದರು ಎಂದು ಓದಲು ಕುಳಿತೆ.

ಮೊದಲು ತಿಳಿದದ್ದು, ಸೇವಂತಿಗೆ ಮಳೆ ನೋಡಿ ಮುಹೂರ್ತ ಬದಲಿಸುವ ಹೂವಲ್ಲ. ರಾತ್ರಿ ಉದ್ದವಾದರೆ ಮೊಗ್ಗು ಕಟ್ಟಲೇಬೇಕು. ಹಗಲು ರಾತ್ರಿಗಳ ಈ ಲೆಕ್ಕವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೂವಿನ ಹೊಲಗಳಲ್ಲಿ ಜಾತ್ರೆಯಂತೆ ಬಲ್ಬು ಉರಿಯುವುದು ಇದಕ್ಕೇ, ರಾತ್ರಿಯನ್ನು ಮೋಸದಿಂದ ಗಿಡ್ಡ ಮಾಡಿ ಹೂ ತಡಮಾಡಲು. ಬಾಲ್ಕನಿಯ ಗಿಡಕ್ಕೆ ಅಂಥ ಸೌಲಭ್ಯವಿಲ್ಲ.

ಹೂವಿನ ತವರು ಚೀನಾ. ಲಿಯು ಮೆಂಗ್ ಎಂಬಾತ 1104ರಲ್ಲೇ ಇದೊಂದೇ ಹೂವಿನ ಮೇಲೆ ಪುಸ್ತಕ ಬರೆದ. ಅಲ್ಲಿಂದ ಜಪಾನಿಗೆ ಬಂದು ಅರಮನೆಯ ಹೂವಾಯಿತು. ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಅದರ ಹಬ್ಬ. ಹಿಂದಿನ ರಾತ್ರಿ ಹೂಗಳ ಮೇಲೆ ರೇಷ್ಮೆಯ ಅರಳೆ ಹೊದಿಸಿ, ಬೆಳಿಗ್ಗೆ ಇಬ್ಬನಿ ಹೀರಿದ ಆ ಅರಳೆಯಿಂದ ಮೈ ಒರೆಸಿಕೊಂಡರೆ ಮುಪ್ಪು ದೂರ ಎಂಬ ನಂಬಿಕೆ. 1008ರ ಹಬ್ಬದಂದು ಮುರಸಾಕಿ ಶಿಕಿಬುಗೆ ಅರಮನೆಯ ಹಿರಿಯ ಹೆಂಗಸೊಬ್ಬಳಿಂದ ಇಂಥ ಅರಳೆ ಬಂದದ್ದು ಆಕೆಯ ದಿನಚರಿಯಲ್ಲಿದೆ. ಅದೇ ಕಾಲದ ಸೇ ಶೋನಾಗೊನ್‌ಗೆ ಹಬ್ಬದ ನಸುಕಿನಲ್ಲಿ ಸಣ್ಣ ಮಳೆ ಬಿದ್ದರೇ ಖುಷಿ. ಅರಳೆ ತೊಯ್ದಷ್ಟೂ ಹೂವಿನ ವಾಸನೆ ಏರುತ್ತದಂತೆ. ನನ್ನ ಪ್ಲಾಸ್ಟಿಕ್ ನೋಡಿದ್ದರೆ ಆಕೆ ಏನನ್ನುತ್ತಿದ್ದಳೋ!

ಆದರೆ ಪ್ರದರ್ಶನಕ್ಕಿಡುವ ಹೂವಿಗೆ ಮಳೆ ಬೀಳುವ ಹಾಗಿಲ್ಲ. 1878ರಲ್ಲಿ ಟೋಕಿಯೋದ ಅಕಾಸಾಕಾ ಅರಮನೆಯಲ್ಲಿ ಚಕ್ರವರ್ತಿಯ ಸೇವಂತಿಗೆ ಕೂಟ ಶುರುವಾಯಿತು, 1929ರಲ್ಲಿ ಅದು ಶಿಂಜುಕು ಉದ್ಯಾನಕ್ಕೆ ಬಂತು. ಅಲ್ಲಿ ಇಂದಿಗೂ ನವೆಂಬರಿನ ಮೊದಲ ಎರಡು ವಾರ ಹೂಗಳನ್ನು ‘ಉವಾಯಾ’ ಎಂಬ ಚಪ್ಪರಗಳಡಿ ಜೋಡಿಸುತ್ತಾರೆ. ಬಿದಿರು, ಮರ, ಹುಲ್ಲುಕಡ್ಡಿಯ ತಟ್ಟಿ. ಒಂದೇ ಬುಡದಿಂದ ನೂರಾರು ಹೂ ಬಿಡಿಸಿ ಗುಮ್ಮಟದಂತೆ ಕಟ್ಟುವ ಗಿಡವೂ ಅದರಡಿಯೇ. ಅದರ ಚಿತ್ರಗಳನ್ನು ನಾನು ಬಹಳ ಹೊತ್ತು ನೋಡಿದೆ. ಮೇಲೆ ಮಾಡು ಉಂಟು, ಮುಂದೆ ಗೋಡೆ ಇಲ್ಲ.

ಇಂಗ್ಲಿಷರು ಮಾಡು, ಗೋಡೆ ಎರಡನ್ನೂ ಕಟ್ಟಿದರು, ಗಾಜಿನಿಂದ. ರಾಬರ್ಟ್ ಫಾರ್ಚೂನ್ 1846ರಲ್ಲಿ ಚೀನಾದಿಂದ ಪುಟ್ಟ ಹೂವಿನ ‘ಚೂಸಾನ್ ಡೇಸಿ’ ತಂದ, 1860ರ ದಶಕದಲ್ಲಿ ಜಪಾನಿನ ಕೆದರಿದ ಎಸಳಿನ ದೊಡ್ಡ ಹೂಗಳನ್ನು ತಂದ. ಅಲ್ಲಿನ ನವೆಂಬರಿನ ಮಂಜು ಮಳೆಗೆ ಅವು ತಾಳಬೇಕಲ್ಲ, ಗಾಜಿನ ಮನೆಗೆ ಸೇರಿದವು. ಅಲ್ಲಿ ಹೊಸ ಪೀಡೆ ಕಾದಿತ್ತು. ಒಳಗಿನ ತೇವ ಎಸಳುಗಳ ಮೇಲೆ ಹನಿಗಟ್ಟಿ ಕಂದು ಕಲೆ, ಆಮೇಲೆ ಕೊಳೆ. ತೋಟಗಾರರು ಕಂಡುಕೊಂಡ ಉಪಾಯ ವಿಚಿತ್ರವೆನಿಸುತ್ತದೆ: ಕೊಳವೆಗಳಲ್ಲಿ ಬಿಸಿನೀರು ಹರಿಸಿ ಒಳಗೆ ನಸುಬಿಸಿ ಇಡುವುದು, ಜೊತೆಗೇ ಗಾಜಿನ ಕಿಟಕಿಯನ್ನೂ ತೆರೆದಿಡುವುದು. ಚಳಿ ಓಡಿಸಲಿಕ್ಕಲ್ಲ, ಗಾಳಿ ಆಡಲಿಕ್ಕೆ. ನನ್ನ ದಾರ ಬಿಗಿದ ಪ್ಲಾಸ್ಟಿಕ್ ಕಿಟಕಿಯಿಲ್ಲದ ಗಾಜಿನ ಮನೆಯಾಗಿತ್ತು.

ಅವ್ವ ಇದೇನನ್ನೂ ಓದಿರಲಿಲ್ಲ. ಬುಡದ ಒಂದು ಗೇಣು ಎಲೆ ತರಿದುಹಾಕುತ್ತಿದ್ದಳು, ಮಣ್ಣಿನ ಹನಿ ಸಿಡಿದು ಎಲೆ ಕಪ್ಪಾಗುತ್ತದೆಂದು. ಹತ್ತಿಕಟಿಗೆ ಊರಿ ಗಿಡಕ್ಕೆ ಸಡಿಲವಾಗಿ ಹಳೇ ಸೀರೆಯ ಅಂಚು ಕಟ್ಟುತ್ತಿದ್ದಳು. ಮಳೆ ನಿಂತ ಕೂಡಲೇ ಗಿಡ ಹಿಡಿದು ಅಲುಗಿಸಿ ನೀರು ಉದುರಿಸುತ್ತಿದ್ದಳು. ನಾವು ಮಕ್ಕಳು ಅದರಡಿ ನಿಂತು ಎರಡನೇ ಮಳೆಯಲ್ಲಿ ತೋಯುತ್ತಿದ್ದೆವು.

ಈ ವರ್ಷ ಆ ಒಂದು ಗಿಡದ ಬುಡದಿಂದ ಒಡೆದ ಕುಡಿಗಳಿಂದ ಮೂರು ಕುಂಡಗಳಾಗಿವೆ. ಬಾಲ್ಕನಿಯ ಸರಳಿಗೆ ಹಳೆಯ ಕಪ್ಪು ಕೊಡೆಯೊಂದನ್ನು ಓರೆಯಾಗಿ ಕಟ್ಟಿದ್ದೇನೆ, ಕುಂಡದ ಕೆಳಗಿನ ತಟ್ಟೆ ತೆಗೆದಿದ್ದೇನೆ. ನಿನ್ನೆ ಸಂಜೆ ಗುಡುಗಿತು. ಮೂರರಲ್ಲೂ ಮೊಗ್ಗು ಹಳದಿ ತೋರಿಸುತ್ತಿದೆ. ಮಳೆ ನಿಂತ ಮೇಲೆ ಹೋಗಿ ಅಲುಗಿಸಿ ಬಂದೆ, ಕೆಳಗಿನ ಮಹಡಿಯವರು ಬಟ್ಟೆ ಒಣಗಿಸಿದ್ದು ಆಮೇಲೆ ಕಂಡಿತು.