ಅಲ್ಯೂಮಿನಿಯಂ ದೋಣಿ: ಉದ್ದಕ್ಕಿಂತ ತಳದ ಅಗಲ ಮುಖ್ಯ

ಅಮೆರಿಕದ ನದಿ, ಸರೋವರಗಳಲ್ಲಿ ಗಾಳ ಹಾಕುವ ಹವ್ಯಾಸಿಗಳಲ್ಲಿ ಸಣ್ಣ ಅಲ್ಯೂಮಿನಿಯಂ ದೋಣಿಗಳು ಜನಪ್ರಿಯ. ಇವು ಹಗುರ; ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ; ಕಾರಿನ ಹಿಂದೆ ಟ್ರೇಲರ್‌ನಲ್ಲಿ ಸಾಗಿಸಬಹುದು. ಆದರೆ ಹಗುರತನವೇ ಅಪಾಯಕ್ಕೂ ಕಾರಣ. ಒಬ್ಬರು ಎದ್ದು ಅಂಚಿಗೆ ಬಾಗಿದರೂ ದೋಣಿ ವಾಲುತ್ತದೆ. ಹೀಗಾಗಿ ಖರೀದಿಗೆ ಮುನ್ನ ಸ್ಥಿರತೆಯನ್ನು ಪರಿಶೀಲಿಸುವುದು ಅಗತ್ಯ.

ತಳದ ಆಕಾರ: ಚಪ್ಪಟೆ ತಳದ ‘ಜಾನ್ ಬೋಟ್’ ಶಾಂತ ನೀರಿನಲ್ಲಿ ಹೆಚ್ಚು ಓಲಾಡದು, ಆಳವಿಲ್ಲದೆಡೆಯೂ ಸಾಗುತ್ತದೆ. ಅಲೆಗಳೆದ್ದರೆ ಮಾತ್ರ ತಗ್ಗಾದ ಅಂಚಿನ ಮೇಲಿಂದ ನೀರು ಒಳನುಗ್ಗಬಹುದು. ಗಾಳಿಗೆ ತೆರೆದುಕೊಂಡ ದೊಡ್ಡ ಸರೋವರಗಳಿಗೆ ‘ವಿ’ ಆಕಾರದ ತಳ, ಎತ್ತರದ ಅಂಚು ಸೂಕ್ತ.

ಅಗಲ: ಒಂದೇ ಉದ್ದದ ಎರಡು ದೋಣಿಗಳಲ್ಲಿ ಅಗಲ ತಳದ್ದೇ ಹೆಚ್ಚು ಸ್ಥಿರ. ಮೇಲಂಚನ್ನಷ್ಟೇ ಅಳೆದರೆ ಸಾಲದು.

ಸಾಮರ್ಥ್ಯ ಫಲಕ: 1972ರ ನವೆಂಬರ್‌ನಿಂದೀಚೆಗೆ ತಯಾರಾದ, 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರ್ ದೋಣಿಗಳಲ್ಲಿ ಜನರ ಸಂಖ್ಯೆ ಹಾಗೂ ಗರಿಷ್ಠ ತೂಕದ ಫಲಕ ಅಲ್ಲಿ ಕಡ್ಡಾಯ. ಫಲಕವಿಲ್ಲದ ಹಳೆಯ ದೋಣಿಯಾದರೆ, ಉದ್ದ ಮತ್ತು ಅಗಲವನ್ನು ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸುವುದು ರೂಢಿ. 14 ಅಡಿ ಉದ್ದ, 5 ಅಡಿ ಅಗಲದ ದೋಣಿಗೆ ನಾಲ್ವರು. ಇದು ತಲಾ ಸುಮಾರು 68 ಕಿಲೊ ತೂಕದ, ಶಾಂತ ಹವೆಯ ಲೆಕ್ಕ. ಸಾಮಾನು ಹೆಚ್ಚಿದಷ್ಟೂ ಜನ ಕಡಿಮೆಯಾಗಬೇಕು.

ಫೋಮ್: ನೀರು ತುಂಬಿದ ಲೋಹದ ದೋಣಿಯನ್ನು ತೇಲಿಸುವುದು ಆಸನದಡಿಯ ಫೋಮ್. ಬಳಸಿದ ದೋಣಿ ಕೊಳ್ಳುವವರು ಅದು ನೀರು ಹೀರಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಎಷ್ಟೇ ಸ್ಥಿರವಾದ ದೋಣಿಯಾದರೂ ಮಗುಚಬಲ್ಲದು. ಜೀವರಕ್ಷಕ ಜಾಕೆಟ್ ದೋಣಿಯ ಮೂಲೆಯಲ್ಲಲ್ಲ, ಮೈಮೇಲಿರಬೇಕು.