ಕಲ್ಲು ಉಳಿಯಿತು, ತೊಗಲು ಉಳಿಯಲಿಲ್ಲ

ಹಂಪಿಯ ಪಕ್ಕದ ಕಮಲಾಪುರದ ಮ್ಯೂಸಿಯಮ್ಮಿಗೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಬ್ರಿಟಿಷ್ ಅಧಿಕಾರಿಗಳು ಆನೆಸಾಲಿನಲ್ಲಿ ಕೂಡಿಹಾಕಿದ್ದ ಶಿಲ್ಪಗಳು 1972ರಲ್ಲಿ ಇಲ್ಲಿಗೆ ಬಂದವು. ಅಂಗಳದಲ್ಲಿ ಇಡೀ ಹಂಪಿಯ ಮಾದರಿ. ಸುತ್ತಲಿನ ಕೋಣೆಗಳಲ್ಲಿ ವಿಗ್ರಹ, ನಾಣ್ಯ, ಆಯುಧ, ತಾಮ್ರಪಟ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮಜ್ಜ ಗುಡಿಯ ಹೊರಗೆ ನಿಂತೇ ಕೈಮುಗಿದು ಸತ್ತವನು. ಇಲ್ಲಿ ಚೀಟಿ ಕೊಂಡರೆ ಸಾಕು, ವೀರಭದ್ರನ ಎದುರಿಗೇ ಹೋಗಿ ನಿಲ್ಲಬಹುದು. ಯಾವ ಕೇರಿಯವನು ಅಂತ ಯಾರೂ ಕೇಳೋದಿಲ್ಲ. ಗರ್ಭಗುಡಿ ಮಾಡದ್ದನ್ನು ಮ್ಯೂಸಿಯಂ ಮಾಡಿದೆ. ನಮ್ಮ ವಿಮರ್ಶಕರು ಇದನ್ನು ಹಗುರವಾಗಿ ಕಾಣಬಾರದು.

ಆದರೆ ಒಬ್ಬ ಹುಡುಗಿ ಕೇಳಿದಳು: 'ಸಾರ್, ನಮ್ಮೋರು ಎಲ್ಲಿ?'

ವೀರಗಲ್ಲುಗಳ ಕಡೆ ಕೈ ತೋರಿಸಿದೆ. ದನ ಬಿಡಿಸಲು ಹೋಗಿ ಸತ್ತ ಊರವರಿಗೂ ಕಲ್ಲು ನಿಲ್ಲಿಸುತ್ತಿದ್ದರು, ನಿಜ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಪೋರ್ಚುಗೀಸರು ವಿಜಯನಗರಕ್ಕೆ ಕುದುರೆ ಮಾರಿದ ಕಥೆಯನ್ನು ನಾನೇ ತರಗತಿಯಲ್ಲಿ ಉತ್ಸಾಹದಿಂದ ಹೇಳಿದ್ದೇನೆ. ಆ ಕುದುರೆಗೆ ಜೀನು ಹೊಲಿದವರು, ಬಾವಿಯಿಂದ ನೀರೆತ್ತುವ ತೊಗಲ ಚೀಲ ಹದ ಮಾಡಿದವರು, ತಮಟೆಗೆ ಚರ್ಮ ಬಿಗಿದವರು? ತೊಗಲು ಕೊಳೆಯುತ್ತದೆ, ಬಿದಿರನ್ನು ಗೆದ್ದಲು ತಿನ್ನುತ್ತದೆ. ಉಳಿದದ್ದಷ್ಟೇ ಚರಿತ್ರೆ ಅನ್ನೋದಾದರೆ ನಾವು ಇರಲೇ ಇಲ್ಲ ಅಂತಾಯ್ತು. ಕಲ್ಲು ಹೊತ್ತ ಹೆಗಲಿಗೂ ಅಲ್ಲಿ ಚೀಟಿ ಅಂಟಿಸಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಅದೇ ಹುಡುಗಿ ಮತ್ತೆ ಬಂದಳು: 'ಮನೇಲಿ ನಮ್ಮಜ್ಜನ ರಂಪಿಗೆ ಐತಿ ಸಾರ್, ಹಿಡಿ ಸವೆದೈತಿ. ಕೊಟ್ರೆ ಇಲ್ಲಿ ಇಟ್ಕೊಂತಾರಾ?'